ಗಂಗಮ್ಮನ ಕಲ್ಲು ಕಂಡ ಮೇಲೆ

ನನ್ನ ಕೆಲಸವೇ ಅನುಮಾನ ಪಡುವುದು. ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ನಾನು ಚೆಕಿಂಗ್ ಮಾಡುವವಳು. ಹೊಲಿದು ಮುಗಿದ ಪ್ಯಾಂಟು ನನ್ನ ಮೇಜಿಗೆ ಬಂದು ಬೀಳುತ್ತದೆ. ಒಳಗನ್ನು ಹೊರಗು ಮಾಡಿ, ಎಲ್ಲಿ ಹೊಲಿಗೆ ಹಾರಿದೆ, ಎಲ್ಲಿ ದಾರ ಬಿಟ್ಟಿದೆ, ಯಾವ ಜೇಬು ಸೊಟ್ಟಗೆ ಕೂತಿದೆ ಎಂದು ಹುಡುಕಬೇಕು. ತಪ್ಪು ಸಿಗದಿದ್ದರೆ ನನಗೆ ಸಮಾಧಾನವಿಲ್ಲ. ಸರಿಯಾಗಿ ನೋಡಿಲ್ಲವೇನೋ ಅನ್ನಿಸುತ್ತದೆ. ಹದಿನೈದು ವರ್ಷ ಇದನ್ನೇ ಮಾಡಿದ ಮೇಲೆ ಮನುಷ್ಯರನ್ನೂ ಹಾಗೇ ತಿರುವಿ ನೋಡುವ ಚಾಳಿ ಅಂಟಿಕೊಂಡುಬಿಟ್ಟಿತು. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದೇ ನನ್ನ ಲೆಕ್ಕ. ಇಂಥವಳು ಹೆತ್ತ ಅಪ್ಪನನ್ನೂ ಬಿಡಲಿಲ್ಲ. ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನ ತವರು ಮಡಕಶಿರಾ ಕಡೆ, ಹೇಮಾವತಿಗೆ ಹತ್ತಿರದ ಒಂದು ಹಳ್ಳಿ. ಅಪ್ಪ ಆ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಮತ್ತೆ ಮುಚ್ಚುವುದು ಅವನ ಕೆಲಸ. ಅವನಪ್ಪನದೂ ಅದೇ ಕೆಲಸವಾಗಿತ್ತು. ಏರಿಯ ಮೇಲೆ ಒಂದು ಕಬ್ಬಿಣದ ಚಕ್ರ. ಅದನ್ನು ಸುತ್ತಿದಂತೆ ಕೆಳಗೆ ತೂಬಿನ ಹಲಗೆ ಮೇಲೇಳುತ್ತದೆ. ಪೂರ್ತಿ ಮುಚ್ಚಿದ ಮೇಲೆ ಚಕ್ರಕ್ಕೆ ಸರಪಣಿ ಸುತ್ತಿ, ಕಲ್ಲಿಗೆ ಬಡಿದಿರುವ ಬಳೆಗೆ ಸೇರಿಸಿ ಬೀಗ ಹಾಕಬೇಕು. ಆ ಬೀಗದ ಕೈ ಅಪ್ಪನ ಉಡಿದಾರದಲ್ಲಿ ಇರುತ್ತಿತ್ತು. ನಾನು ಚಿಕ್ಕವಳಿದ್ದಾಗ ಅಪ್ಪ ಎತ್ತಿಕೊಂಡರೆ ಅದು ನನ್ನ ತೊಡೆಗೆ ಚುಚ್ಚುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಅಪ್ಪ ಒಂದು ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಉಡಿದಾರದಲ್ಲಿ ಬೀಗದ ಕೈ ಇರಲಿಲ್ಲ. ಊರಿನಿಂದ ಅಷ್ಟು ಹೊತ್ತಿಗಾಗಲೇ ಫೋನು ಬಂದಿತ್ತು. ಅಪ್ಪ ತೂಬು ಮುಚ್ಚದೆ ರೊಳ್ಳ ಎಂಬ ಊರಿಗೆ ಮದುವೆಗೆ ಹೋಗಿದ್ದನಂತೆ, ಎರಡು ದಿನ ಬಿಟ್ಟು ಬಂದು ನೋಡಿದರೆ ಕೆರೆ ಬಟಾಬಯಲಂತೆ, ದನ ಕುರಿಗೆ ಕುಡಿಯಲು ಒಂದು ಗುಟುಕು ಇಲ್ಲವಂತೆ. ಕೇಳಿದರೆ ಅಪ್ಪ 'ನಂದೇ ತಪ್ಪು' ಎಂದು ಬೀಗದ ಕೈ ಬಿಚ್ಚಿ ಕೊಟ್ಟುಬಿಟ್ಟನಂತೆ. ಮುದುಕನಿಗೆ ಮರೆವು ಬಂದಿದೆ ಎಂದು ಊರೆಲ್ಲ ತೀರ್ಮಾನ ಮಾಡಿತು.

ನನಗೊಬ್ಬ ತಮ್ಮ ಇದ್ದಿದ್ದರೆ 'ನಮ್ಮಪ್ಪ ಅಂಥವನಲ್ಲ' ಎಂದು ಜಗಳಕ್ಕೆ ಹೋಗುತ್ತಿದ್ದನೇನೋ. ನಾನೊಬ್ಬಳೇ ಮಗಳು, ಅಮ್ಮ ಹೋಗಿ ಆರು ವರ್ಷವಾಗಿದೆ. ನಾನು ಜಗಳಕ್ಕೆ ಹೋಗಲಿಲ್ಲ. ಮರೆವು ಇದ್ದರೂ ಇರಬಹುದು ಎಂದುಕೊಂಡೆ. ಆವತ್ತಿನಿಂದ ಅಪ್ಪನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದೆ. ಹಾಲು ತರಲು ಹೋದವನು ಕ್ಯಾನು ಅಂಗಡಿಯಲ್ಲೇ ಬಿಟ್ಟು ಬಂದ. ಮನಸ್ಸಿನಲ್ಲಿ ಒಂದು ಗುರುತು ಹಾಕಿಕೊಂಡೆ. ಹಿತ್ತಲ ಬಾಗಿಲ ಚಿಲಕ ಹಾಕದೆ ಮಲಗಿದ, ಇನ್ನೊಂದು ಗುರುತು. ಸಾರಿಗೆ ಉಪ್ಪು ಎರಡು ಸಲ ಬಿದ್ದದ್ದು ನನ್ನಿಂದಲೇ ಆದರೂ, ಅದನ್ನೂ ಅವನ ಲೆಕ್ಕಕ್ಕೇ ಸೇರಿಸಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಇಷ್ಟರ ಮಧ್ಯೆ ಆ ವಿಡಿಯೋ ಗೇಮು. ಅಪ್ಪ ಬರುವ ಮೂರು ತಿಂಗಳ ಮೊದಲು, ಒಬ್ಬಳು ರಜೆ ಹಾಕಿದ್ದಳೆಂದು ನಾನೇ ಮಿಷಿನ್ನಿಗೆ ಕೂತು, ಸೂಜಿ ತೋರುಬೆರಳಿನೊಳಗೆ ತೂರಿಸಿಕೊಂಡು ಮನೆಯಲ್ಲಿ ಕೂತಿದ್ದೆ. ನನ್ನ ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ. ಬಳ್ಳಾರಿಗೆ ಬಾಡಿಗೆ ಹೋದವನು ಸೆಕೆಂಡ್ ಹ್ಯಾಂಡ್ ಗೇಮಿನ ಡಬ್ಬ, ಒಂದು ಜಾಯ್‌ಸ್ಟಿಕ್ಕು, ಒಂದೇ ಒಂದು ಡಿಸ್ಕು ತಂದ. 'ಬೆರಳು ಆಡ್ಸಿದ್ರ ಬಿಗಿತ ಹೋಗ್ತೈತಿ' ಅಂದ. ತನಗೆ ಬೇಕಾಗಿ ತಂದು ನನ್ನ ಬೆರಳಿನ ಹೆಸರು ಹೇಳುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಆದರೆ ಹಿಡಿದುಕೊಂಡದ್ದು ನಾನು. ಅವನಿಗೆ ಮತ್ತೆ ಸಿಗಲಿಲ್ಲ.

ಆಟ ಏನೆಂದರೆ, ಒಬ್ಬ ಹುಡುಗಿ. ಸೊಂಟಕ್ಕೆ ಹಗ್ಗ, ಕೈಯಲ್ಲಿ ಪಂಜು. ಪಾಳು ಬಿದ್ದ ಕೋಟೆಯೊಂದರಲ್ಲಿ ಓಡಾಡಿಕೊಂಡು, ಅಡ್ಡ ಬಂದವರನ್ನು ಬಡಿದು ಹಾಕಿ, ಬಚ್ಚಿಟ್ಟ ನಿಧಿ ಹುಡುಕಬೇಕು. ಬಡಿದಾಟ ನನಗೆ ಸಲೀಸು. ತೊಡಕಿರುವುದು ನಿಧಿಯ ಕೋಣೆಗೆ ಹೋಗುವ ದಾರಿಯಲ್ಲಿ. ಯಾವ ಕಲ್ಲು ಎಲ್ಲಿಗೆ ತಳ್ಳಬೇಕು, ಯಾವ ಬಾಗಿಲು ಹೇಗೆ ತೆರೆಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಜಾಗವನ್ನೇ ನೋಡಿ ತಿಳಿದುಕೊಳ್ಳಬೇಕು. ನಮ್ಮ ಬಾಗಿಲಲ್ಲಿ ನಿಂತರೆ ರಾಯದುರ್ಗದ ಬೆಟ್ಟ, ಅದರ ಮೇಲಿನ ಕೋಟೆ ಗೋಡೆ ಕಾಣುತ್ತದೆ. ಅಲ್ಲೂ ಯಾರೋ ನಿಧಿಯ ಆಸೆಗೆ ಗುಂಡಿ ತೋಡಿ ಹೋಗಿರುತ್ತಾರೆ. ಮನೆಯೊಳಗೇ ಕೂತು ಅದೇ ಕಸುಬು ಮಾಡುವುದು ನನಗೆ ಮಜವಾಗಿತ್ತು.

ಅಪ್ಪ ಬಂದ ಮೊದಲ ವಾರ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಒಂದು ಭಾನುವಾರ ನಾನು ಒಂದು ಕೋಣೆಯಲ್ಲಿ ಸಿಕ್ಕಿಹಾಕಿಕೊಂಡು, ದೊಡ್ಡದೊಂದು ಕಲ್ಲನ್ನು ಆ ಮೂಲೆಗೆ ಈ ಮೂಲೆಗೆ ತಳ್ಳಿ ತಳ್ಳಿ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಹಿಂದಿನಿಂದ ಅಪ್ಪನ ದನಿ ಬಂತು.

"ನೆಲ ನೋಡವ್ವ. ಕಲ್ಲು ಎಳ್ದಿರೋ ಗೀರು ಐತಲ್ಲ. ಅದು ಎಲ್ಲಿಗೆ ಓಗೈತೋ ಅಲ್ಲಿಗೆ ತಳ್ಳು."

ನಾನು ಇಷ್ಟು ಹೊತ್ತೂ ಗೋಡೆ ನೋಡುತ್ತಿದ್ದೆ. ನೆಲದ ಮೇಲೆ ಗೀರು ಇತ್ತು. ತಳ್ಳಿದೆ. ಬಾಗಿಲು ಗಡಗಡ ತೆರೆದುಕೊಂಡಿತು.

ಇನ್ನೊಂದು ದಿನ, ಯಾವ ಕಡೆಗೂ ದಾರಿ ಇಲ್ಲದ ಸುರಂಗ. "ಪಂಜು ನೋಡು, ಉರಿ ಎಡಕ್ಕೆ ವಾಲ್ತೈತೆ. ಎಡಗಡೆ ಗೋಡೆಯಾಗೆ ಗಾಳಿ ಬರೋ ಜಾಗ ಐತೆ ಕಣವ್ವ." ಗೋಡೆ ಒಡೆದರೆ ಅಲ್ಲೇ ದಾರಿ. ಹುಡುಗಿ ಮೇಲಿನಿಂದ ಬಿದ್ದು ಸತ್ತರೆ ಮಾತ್ರ ಅಪ್ಪ 'ಅಯ್ಯೋ ಶಿವನೆ' ಎಂದು ಎದ್ದು ಕೂರುತ್ತಿದ್ದ. ಅವಳು ಮತ್ತೆ ಎದ್ದು ಬಂದಾಗ ನನ್ನ ಮುಖ ನೋಡಿ ನಗುತ್ತಿದ್ದ.

ನನಗೆ ಖುಷಿಯಾಗಬೇಕಿತ್ತು. ನನ್ನ ಚಾಳಿ ಬಿಡಬೇಕಲ್ಲ! ಈ ಮುದುಕನಿಗೆ ಇಷ್ಟೆಲ್ಲ ಹೇಗೆ ಗೊತ್ತಾಗುತ್ತದೆ, ಯಾರಾದರೂ ಹೇಳಿಕೊಡುತ್ತಿದ್ದಾರಾ ಎಂದು ಅವನ ಫೋನು ತೆಗೆದು ನೋಡಿದೆ. ಅದು ಗುಂಡಿ ಒತ್ತುವ ಹಳೆ ಫೋನು. ಅದರಲ್ಲಿ ಏನು ತಾನೇ ಕಾಣಬೇಕು? ಆಮೇಲೆ ಇನ್ನೊಂದು ಯೋಚನೆ ಬಂತು. ಇಷ್ಟು ಚುರುಕಾಗಿ ನೋಡುವವನು ತೂಬು ಮುಚ್ಚುವುದನ್ನು ಮರೆತನೇ? ಮರೆತಿಲ್ಲವಾದರೆ ತಪ್ಪು ತನ್ನದೇ ಎಂದು ಯಾಕೆ ಒಪ್ಪಿಕೊಂಡ? ಏನೋ ಬಚ್ಚಿಡುತ್ತಿದ್ದಾನೆ. ಇದು ಇನ್ನೂ ಕೆಟ್ಟ ಅನುಮಾನ.

ಅಷ್ಟರಲ್ಲಿ ಆಟದಲ್ಲಿ ಕೆರೆ ಬಂತು.

ಕೋಟೆಯ ನಡುವೆ ದೊಡ್ಡ ಕೆರೆ, ಏರಿಯ ಮೇಲೆ ಒಂದು ಚಕ್ರ. ನೋಡಿದ ತಕ್ಷಣ ಅಪ್ಪ ಮಂಚದಿಂದ ಇಳಿದು ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂತ. ಒಂದು ಗುಂಡಿ ಅದುಮಿ ಹಿಡಿದರೆ ಹುಡುಗಿ ಚಕ್ರವನ್ನು ಒಂದು ಸುತ್ತು ತಿರುಗಿಸುತ್ತಾಳೆ. ಸುತ್ತಿಗೊಂದಿಷ್ಟು ನೀರು ಇಳಿಯುತ್ತದೆ, ಹಿಂದಕ್ಕೆ ಸುತ್ತಿ ಮುಚ್ಚಿದರೆ ಮತ್ತೆ ಏರುತ್ತದೆ. ಏಳು ಸುತ್ತು ಆದಾಗ ಕೆರೆಯ ನಡುವೆ ಒಂದು ಕಲ್ಲಿನ ಹೆಂಗಸಿನ ತಲೆ ಕಾಣಿಸಿತು.

"ಸಾಕು ನಿಲ್ಸು! ಮುಚ್ಚು!" ಅಪ್ಪ ನನ್ನ ಕೈ ಹಿಡಿದುಕೊಂಡ.

ನಮ್ಮೂರ ಕೆರೆಯಲ್ಲೂ ಒಂದು ಕಲ್ಲು ಇದೆ. ಗಂಗಮ್ಮನ ಕಲ್ಲು ಎನ್ನುತ್ತಾರೆ. ನೀರು ಇಳಿದು ಅದರ ತಲೆ ಕಂಡರೆ ಮುಗಿಯಿತು, ಗದ್ದೆ ಒಣಗಿ ಬಾಯಿ ಬಿಟ್ಟರೂ ನೀರುಗಂಟಿ ತೂಬು ಎತ್ತುವುದಿಲ್ಲ. ಅದರ ಕೆಳಗಿನ ನೀರು ದನ ಕುರಿಗೆ, ಮೀನಿಗೆ, ಹಕ್ಕಿಗೆ. ಹೂಳು ತೆಗೆಯಲೋ, ಯಾರಾದರೂ ಮುಳುಗಿದಾಗ ಹುಡುಕಲೋ ಕೆರೆ ಬರಿದು ಮಾಡಲೇಬೇಕಾಗಿ ಬಂದರೆ ತೆಂಗಿನಕಾಯಿ ಒಡೆದು, ಮೂರು ಜನ ಎದುರಿಗೆ ನಿಂತು ನೋಡಬೇಕು. ಒಬ್ಬನೇ ಮಾಡುವ ಹಾಗಿಲ್ಲ.

"ಅಪ್ಪ, ಇದು ಆಟ ಕಣಪ್ಪ," ಅಂದೆ.

"ಆಟ ಆದ್ರೇನವ್ವ? ಕಲ್ಲು ಇಟ್ಟವ್ರೆ ಅಂದ್ರೆ ಸುಮ್ನೆ ಇಟ್ಟವ್ರಾ? ನಿಧಿ ದಡದಾಗೆಲ್ಲೋ ಇರ್ತೈತೆ, ಹುಡುಕು."

ವಾರವೆಲ್ಲ ಹುಡುಕಿದೆವು. ದಡದ ಸುತ್ತ ಒಂದು ಕಲ್ಲು ಬಿಡಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಇಷ್ಟು ದಿನ ಗೋಡೆಯ ಹಿಂದಿರುವುದನ್ನು ಹೇಳುತ್ತಿದ್ದ ಅಪ್ಪ ಈ ಕೆರೆಯ ಹತ್ತಿರ ಬಂದು ಮೊಂಡು ಬಿದ್ದಿದ್ದ.

ಆ ವಾರದಲ್ಲೇ ದಾರಗಳು ಸಿಗತೊಡಗಿದವು. ಜೀನ್ಸಿಗೆ ಹಾಕುವ ಕಿತ್ತಳೆ ಬಣ್ಣದ ದಪ್ಪ ದಾರ, ಮೊಣಕೈ ಉದ್ದದ ತುಂಡುಗಳು. ಒಂದು ಅಪ್ಪನ ದಿಂಬಿನ ಕೆಳಗೆ, ಒಂದು ಟಿವಿಯ ಹಿಂದೆ, ಒಂದು ಕಾಫಿ ಲೋಟದೊಳಗೆ. ಕೆಲವು ನೆಟ್ಟಗಿದ್ದವು, ಆದರೆ ಅಲ್ಲಲ್ಲಿ ಮುರುಟಿಕೊಂಡಿದ್ದವು. ಒಂದರಲ್ಲಿ ಮಾತ್ರ ಸಾಲಾಗಿ ಐದು ಗಂಟು.  ಅಪ್ಪನಿಗೆ ತಲೆ ಕೆಡುತ್ತಿದೆ ಎಂದು ಖಾತ್ರಿಯಾಯಿತು. ಪಕ್ಕದ ಮನೆಯ ಅಕ್ಕ ಬೇರೆ ಗೋಡೆಯ ಮೇಲಿಂದ ಮೂಗು ತೂರಿಸಿದಳು.

"ಯಾಕವಾ, ನೀವು ಕೆಲ್ಸಕ್ಕ ಹೋದ ಮ್ಯಾಲೆ ನಿಮ್ಮಪ್ಪಾರು ದಾರಕ್ಕ ಗಂಟು ಹಾಕ್ಕೊಂತ ಕುಂತಿರ್ತಾರ. ಬಾಯಾಗ ಏನೇನೋ ಮಣಮಣ ಅಂತಾರ. ಮಾಟ ಗೀಟ ಏನರ ಕಲ್ತಾರೇನು?"

"ನಮ್ಮಪ್ಪಗ ಮಾಟ ಬಂದಿದ್ರ ಮೊದ್ಲು ನಿನ್ ಬಾಯಿ ಕಟ್ತಿದ್ದ, ಹೋಗಕ್ಕಾ," ಅಂದು ಬಾಗಿಲು ಹಾಕಿಕೊಂಡೆ.  ಸಿಕ್ಕ ದಾರಗಳನ್ನೆಲ್ಲ ಒಂದು ಹಳೆ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟೆ. ಅವು ನನಗೆ ಸಾಕ್ಷಿಯಂತಿದ್ದವು.

ಒಂದು ಬುಧವಾರ ತಲೆನೋವೆಂದು ಸುಳ್ಳು ಹೇಳಿ ಮಧ್ಯಾಹ್ನಕ್ಕೇ ಶೆಡ್ಡು ಬಿಟ್ಟೆ. ಮುಂದಿನ ಬಾಗಿಲಿಗೆ ಹೋಗದೆ ಹಿತ್ತಲಿನಿಂದ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತೆ. ಸ್ವಂತ ಮನೆಯಲ್ಲಿ ಕಳ್ಳಿಯ ಹಾಗೆ!

ಅಪ್ಪ ಟಿವಿಯ ಮುಂದೆ ಕೂತಿದ್ದ. ಜಾಯ್‌ಸ್ಟಿಕ್ಕು ಅವನ ಮಡಿಲಲ್ಲಿ. ಹುಡುಗಿಯನ್ನು ಎಡವಿಸುತ್ತಾ ಮುಗ್ಗರಿಸುತ್ತಾ ಏರಿಯ ಮೇಲೆ ಚಕ್ರದ ಹತ್ತಿರ ತಂದ. ಗುಂಡಿ ಅದುಮಿದ. ಚಕ್ರ ಒಂದು ಸುತ್ತು ತಿರುಗಿತು. "ಒಂದು" ಎಂದು, ತೊಡೆಯ ಮೇಲಿದ್ದ ಕಿತ್ತಳೆ ದಾರಕ್ಕೆ ಒಂದು ಗಂಟು ಹಾಕಿದ. ಇನ್ನೊಂದು ಸುತ್ತು, ಇನ್ನೊಂದು ಗಂಟು. ಏಳು ಗಂಟಾದಾಗ ಕಲ್ಲಿನ ತಲೆ ಕಂಡಿತು. ಅಲ್ಲಿಗೆ ನಿಲ್ಲಿಸಿದ. ಆಮೇಲೆ ಮುಚ್ಚತೊಡಗಿದ. ಒಂದು ಸುತ್ತು ಮುಚ್ಚುವುದು, ಒಂದು ಗಂಟು ಬಿಚ್ಚುವುದು. ಕೊನೆಯ ಗಂಟು ಬಿಚ್ಚಿದ ಮೇಲೆ ದಾರವನ್ನು ಎರಡು ಬೆರಳ ನಡುವೆ ಎಳೆದು ನೋಡಿ, ಪಕ್ಕಕ್ಕಿಟ್ಟು, ಹೊಸ ದಾರ ತಗೊಂಡು ಮತ್ತೆ ಮೊದಲಿನಿಂದ ಶುರುಮಾಡಿದ.

ನೋಡುತ್ತಿದ್ದಂತೆ ನೆನಪಾಯಿತು. ಅಪ್ಪನ ಉಡಿದಾರದಲ್ಲಿ ಬೀಗದ ಕೈಯ ಜೊತೆ ಒಂದು ಬಿಳಿ ನೂಲಿನ ದಾರವೂ ಇರುತ್ತಿತ್ತು. ತೂಬು ಎಷ್ಟು ಸುತ್ತು ಎತ್ತಿದನೋ ಅಷ್ಟು ಗಂಟು, ಮುಚ್ಚಿದಂತೆ ಒಂದೊಂದೇ ಬಿಚ್ಚುವುದು. ಓದು ಬರಹ ಬಾರದ ಅಜ್ಜ ಮಾಡುತ್ತಿದ್ದದ್ದು, ಓದು ಬಂದರೂ ಅಪ್ಪ ಬಿಟ್ಟಿರಲಿಲ್ಲ.

ಮಾಟವೂ ಅಲ್ಲ, ಹುಚ್ಚೂ ಅಲ್ಲ. ಆದರೆ ನನ್ನ ಅನುಮಾನ ಕಡಿಮೆಯಾಗಲಿಲ್ಲ. ಒಂದೇ ಕೆಲಸವನ್ನು ಮನುಷ್ಯ ಇಷ್ಟು ಸಲ ಯಾಕೆ ಮಾಡುತ್ತಾನೆ? ಬೇಕೆಂದೇ ಕೆಮ್ಮಿ ಒಳಗೆ ಬಂದೆ.

"ಏನಪ್ಪ ಇದು?"

ದಾರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. "ಒತ್ತು ಓಗಲ್ಲ ಕಣವ್ವ. ಸುಮ್ನೆ ಆಡ್ತಿದ್ದೆ."

ಅಪ್ಪ ನನಗೆ ಸುಳ್ಳು ಹೇಳಿದ್ದು ಅದೇ ಮೊದಲು. ಅವನ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ನಾನು ಒಲೆ ಹಚ್ಚಲು ಹೋದೆ.

ಆ ಭಾನುವಾರ ನನ್ನ ಗಂಡ ಊಟ ಮುಗಿಸಿ ಬಂದು ನಮ್ಮ ಹಿಂದೆ ನಿಂತ. ನಾವು ಏಳು ಸುತ್ತು ನೀರು ಇಳಿಸಿ ಇನ್ನೂ ಅದೇ ಕೆರೆಯ ದಡದಲ್ಲಿ ಸುತ್ತುವುದನ್ನು ನೋಡಿ ನಕ್ಕ. "ಫೋನಿನ್ಯಾಗ ನೋಡೀನ್ರಿ ಮಾವ. ನೀರೆಲ್ಲಾ ಬಿಡಬೇಕಂತ. ಆ ಕಲ್ಲಿನ ಕಾಲಾಗ ಬಾಗ್ಲ ಐತಂತ."

"ಕಲ್ಲು ಕಂಡ ಮೇಲೆ ಬಿಡಾಂಗಿಲ್ಲ," ಅಂದ ಅಪ್ಪ.

"ಟಿವಿಯಾಗಿನ ಕೆರೀರಿ ಅದು! ಯಾವ ದನ ಸಾಯ್ತೈತ್ರಿ?"

ಅಪ್ಪನ ಮುಖ ಕಪ್ಪಿಟ್ಟಿತು. ಗಂಡನಿಗೆ ಕಣ್ಣು ಸನ್ನೆ ಮಾಡಿದೆ. ಅವನಿಗೆ ಅರ್ಥವಾದದ್ದು ಆಮೇಲೆ; ನಾಲಗೆ ಕಚ್ಚಿಕೊಂಡ. ಅಪ್ಪ ಆ ಕಲ್ಲಿನ ತಲೆಯ ಕಡೆ ನೋಡಿದ. ಆಮೇಲೆ ಕೇಳಿದ, "ಮನೆಯಾಗೆ ಕಾಯಿ ಐತಾ?"

ಇತ್ತು. ನನ್ನ ಗಂಡ ಹೊಸ್ತಿಲ ಬಳಿ ಕಾಯಿ ಒಡೆದ. ಅವನ ಸ್ವಭಾವಕ್ಕೆ ನಗದೆ ಒಡೆದದ್ದೇ ದೊಡ್ಡದು. ಮೂರು ಜನ ಟಿವಿಯ ಮುಂದೆ ನಿಂತೆವು. ನಾನು ಗುಂಡಿ ಅದುಮಿದೆ, ಆಗಲೇ ಏಳು ಗಂಟಿದ್ದ ದಾರಕ್ಕೆ ಅಪ್ಪ ಗಂಟು ಸೇರಿಸಿದ. ಎಂಟು, ಒಂಬತ್ತು, ಹತ್ತು, ಹನ್ನೊಂದು. ನೀರು ತಳ ಕಂಡಿತು. ಕೆಸರಿನಲ್ಲಿ ಮೀನುಗಳು ಪಟಪಟ ಒದ್ದಾಡಿದವು. ಅವನ್ನೂ ಎಷ್ಟು ಚೆನ್ನಾಗಿ ಮಾಡಿಟ್ಟಿದ್ದರೋ, ನೋಡಲಾಗಲಿಲ್ಲ. ಕಲ್ಲಿನ ಹೆಂಗಸಿನ ಪಾದದ ಬಳಿ ಬಾಗಿಲು, ಒಳಗೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಪೆಟ್ಟಿಗೆ. ತೆರೆದರೆ ಒಂದು ಬಂಗಾರದ ಬಟ್ಟಲು. ಡೋಲು ಕಹಳೆ ಮೊಳಗಿತು. ಇದಕ್ಕೇನಾ ಇಷ್ಟು ದಿನ ಒದ್ದಾಡಿದ್ದು ಎನ್ನಿಸಿತು.

"ಆಯ್ತಲ್ಲ. ಈಗ ಮುಚ್ಚವ್ವ," ಅಂದ ಅಪ್ಪ.

ಹುಡುಗಿಯನ್ನು ಚಕ್ರದ ಹತ್ತಿರ ಕರೆತಂದೆ. ಗುಂಡಿ ಅದುಮಿದೆ. ಚಕ್ರ ಅಲ್ಲಾಡಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ನನ್ನ ಗಂಡ ಮೆಲ್ಲಗೆ ಹೇಳಿದ, "ನಿಧಿ ಸಿಕ್ಕಿಂದ ಅದು ಮುಗೀತ್ರಿ ಮಾವ. ಇನ್ನ ಮುಚ್ಚಾಕ ಬರಂಗಿಲ್ಲ."

ಅಪ್ಪನ ಕೈಯಲ್ಲಿ ಹನ್ನೊಂದು ಗಂಟಿನ ದಾರ. ಅದನ್ನು ನೋಡುತ್ತಾ ನೋಡುತ್ತಾ ಚಾಪೆಯ ಮೇಲೆ ಕುಸಿದು ಕೂತ. ಉಡಿದಾರಕ್ಕೆ ಕೈ ಹಾಕಿ ಬೀಡಿ ಬಣ್ಣಕ್ಕೆ ತಿರುಗಿದ ಬಿಳಿ ನೂಲಿನ ದಾರವೊಂದನ್ನು ಬಿಚ್ಚಿ ನನ್ನ ಮುಂದೆ ಹಿಡಿದ. ಅದರಲ್ಲಿ ಒಂದೇ ಒಂದು ಗಂಟಿತ್ತು.

"ಆವತ್ತಿಂದು," ಅಂದ. "ನಾಕು ಸುತ್ತು ಎತ್ತಿದ್ದೆ. ಬಸ್ಸು ಬಂದುಬಿಡ್ತು, ಡ್ರೈವರು ಆರನ್ ಒಡೀತಿದ್ದ. ಮುಚ್ಚಿ ಓಡ್ದೆ. ಮದುವೆ ಮನೆಯಾಗೆ ಊಟಕ್ಕೆ ಕುಂತಾಗ ಉಡಿದಾರ ಮುಟ್ಕಂಡೆ. ಒಂದ್ ಗಂಟು ಉಳ್ದಿತ್ತು ಕಣವ್ವ. ಒಂದೇ ಅಲ್ವಾ, ಮಾರ್ನೆ ದಿನ ಓಗೋಣ ಅಂತ ಉಳ್ಕಂಡೆ."

"ಸರಪಣಿ? ಬೀಗ ಹಾಕಿರ್ಲಿಲ್ವೇನಪ್ಪ?"

"ಪೂರ್ತಿ ಮುಚ್ಚಿದ್ರೇನೇ ಸರಪಣಿ ಬಳೆಗೆ ಎಟುಕೋದು. ಒಂದ್ ಸುತ್ತು ಬಾಕಿ ಇದ್ರೆ ಎಟುಕಲ್ಲ. ಬೀಗಾನ ಬರೀ ಸರಪಣಿಗೆ ತಗುಲ್ಸಿ ಓಡಿದ್ದೀನಿ. ಚಕ್ರಕ್ಕೆ ಕಾವಲೇ ಇರ್ಲಿಲ್ಲ."

ನನ್ನ ಗಂಡ ಬಾಯಿ ತೆರೆಯುವ ಮೊದಲೇ ನಾನು ಕೇಳಿದೆ. ಚೆಕಿಂಗ್ ಮಾಡುವವಳ ಬುದ್ಧಿ ಎಲ್ಲಿಗೆ ಹೋಗುತ್ತದೆ? "ಒಂದ್ ಸುತ್ತಿಗೆ ಎಲ್ಡು ದಿನದಾಗೆ ಕೆರೆ ಬರಿದಾಗ್ತೈತಾ?"

"ಇಲ್ಲ."

"ಅಂದ್ರೆ ಇನ್ಯಾರೋ ಎತ್ತವ್ರೆ. ಕೆಸರಾಗಿನ ಮೀನು ಯಾರು ಹಿಡ್ಕಂಡೋದ್ರು?"

ಅಪ್ಪ ಟಿವಿಯ ಕಡೆ ನೋಡಿದ. ಅಲ್ಲಿ ಮೀನುಗಳು ಇನ್ನೂ ಒದ್ದಾಡುತ್ತಿದ್ದವು. "ಯಾರೋ ಇಡ್ದಿರ್ತಾರೆ. ನಾನು ನೋಡ್ಲಿಲ್ಲ. ನೋಡದೆ ಎಂಗವ್ವ ಒಬ್ರ ಎಸ್ರು ಏಳೋದು? ನಂಗೆ ಗೊತ್ತಿರೋದು ನನ್ ಗಂಟು ಒಂದೇ."

"ಇದನ್ನ ಊರ್ನೋರ ಮುಂದೆ ಯಾಕೆ ಹೇಳ್ಲಿಲ್ಲ?"

ಅಪ್ಪ ಆ ಒಂದು ಗಂಟನ್ನು ಹೆಬ್ಬೆರಳಲ್ಲಿ ಉಜ್ಜಿದ. 

"ನಂಗೇ ನನ್ ಮೇಲೆ ಅನುಮಾನ ಕಣವ್ವ. ದಾರ ಒಂದು ಅಂತೈತೆ. ಆದ್ರೆ ನಾನು ಮುಚ್ಚದೇನೇ ಗಂಟು ಬಿಚ್ಚಿದ್ರೆ? ಎಲ್ರೂ ಮರೆವು ಮರೆವು ಅಂತಾವ್ರೆ. ನಿಜಾನೇ ಇದ್ರೆ ಈ ದಾರ ಇಟ್ಕಂಡು ಏನು ಏಳ್ಲಿ? ಅದ್ಕೇ ಇಲ್ಲಿ ಆಡಿ ಆಡಿ ನೋಡ್ದೆ. ಚಕ್ರ ಒಂದು, ದಾರ ಒಂದು ಆಗ್ತೈತಾ ಅಂತ. ಎಷ್ಟೋ ಸಲ ಆಡ್ದೆ. ಒಂದ್ ಸಲ ಪಕ್ಕದ್ಮನೆ ಅಮ್ಮ ಗೋಡೆ ಮೇಲಿಂದ ಕೂಗುದ್ಲು, ಐದ್ರಾಗೆ ನಿಲ್ಸಿದ್ದೆ. ಬಂದು ಮುಚ್ಚಿ ಎಣಿಸಿದ್ರೆ ಚಕ್ರಾನೂ ಐದೇ. ಒಂದ್ ಸಲಾನೂ ನನ್ ಕೈ ತಪ್ಪಲಿಲ್ಲವ್ವ."

ನಾನು ಬಿಸ್ಕತ್ತಿನ ಡಬ್ಬಿಯಲ್ಲಿ ಸಾಕ್ಷಿ ಕೂಡಿಡುತ್ತಿದ್ದ ಅಷ್ಟೂ ದಿನ, ಅವನೂ ಅದೇ ಸಾಕ್ಷಿಯನ್ನು ತನ್ನ ಮೇಲೇ ಹುಡುಕುತ್ತಿದ್ದ. ನಾನು ಎದ್ದು ಹೋಗಿ ಡಬ್ಬಿ ತಂದು ಅವನ ಮುಂದೆ ಸುರಿದೆ. "ಅಪ್ಪ, ನಾನೂ ನಿನ್ನ ಅನುಮಾನಿಸ್ದೆ," ಅಂದೆ. ಅಳು ತಡೆಯಲಾಗಲಿಲ್ಲ. "ಗೊತ್ತು ಕಣವ್ವ," ಅಂದ. "ಅಡುಗೆಮನೆ ಸಂದಿಯಾಗೆ ನಿನ್ ಕಾಲು ಕಾಣ್ತಿತ್ತು."

ಮುಂದಿನ ವಾರ ಎರಡು ಬಸ್ಸು ಬದಲಾಯಿಸಿ ಅಪ್ಪನನ್ನು ಊರಿಗೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ಮಳೆ ಬಿದ್ದು ಕೆರೆಗೆ ನೀರು ಬಂದಿತ್ತು. ಗಂಗಮ್ಮನ ಕಲ್ಲು ಮುಳುಗಿತ್ತು. ಏರಿಯ ಮೇಲೆ ಐದಾರು ಜನ ಗದ್ದೆಯವರು ಸೇರಿದರು. ಅಪ್ಪನ ನಂತರ ಬೀಗದ ಕೈ ಇಟ್ಟುಕೊಂಡಿದ್ದ ನಡುವಯಸ್ಸಿನವನೂ, ಮೀನು ಗುತ್ತಿಗೆ ಹಿಡಿದವನೂ ಅಲ್ಲಿದ್ದರು. ದಾರಿಯುದ್ದಕ್ಕೂ ನಾನು ಏನೇನು ಕೂಗಾಡಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅಪ್ಪ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡ. ಬಾಯಿ ಬಿಡಬೇಡ ಎಂದು.

ಅಪ್ಪ ಹೆಚ್ಚು ಹೇಳಲಿಲ್ಲ. ದಾರ ಎತ್ತಿ ತೋರಿಸಿದ. "ಒಂದ್ ಸುತ್ತು ಮುಚ್ಚದೆ ಓದೆ. ಸರಪಣಿ ಬಳೆಗೆ ಸೇರಿಸ್ಲಿಲ್ಲ. ಅದು ನನ್ ತಪ್ಪು. ಆವತ್ತು ಇಷ್ಟು ಬಿಡ್ಸಿ ಏಳಾಕೆ ನಂಗೆ ಧೈರ್ಯ ಬರ್ಲಿಲ್ಲ." ಅಷ್ಟೇ.

 ಕೆರೆಯ ಕಟ್ಟಕಡೆಯ ಗದ್ದೆ ಒಬ್ಬ ವಿಧವೆ ಅಜ್ಜಿಯದು. ನೀರು ಯಾವತ್ತೂ ಕೊನೆಗೆ ತಲುಪುವುದು ಅವಳಿಗೇ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಒಂದ್ ಸುತ್ತಾ? ಒಂದ್ ಸುತ್ತು ನೀರು ನನ್ ಗದ್ದೆ ಮುಟ್ಟಾಕೆ ಬೆಳಗಿಂದ ಸಂಜೆವರ್ಗೂ ಬೇಕು. ಅಷ್ಟು ನೀರಿಗೆ ಎಲ್ಡು ದಿನದಾಗೆ ಕೆರೆ ಎಂಗ್ರಯ್ಯ ಬರಿದಾಗ್ತೈತೆ? ಆವತ್ತು ನನ್ ಬದುವಿನ ಮೇಲೆ ನೀರು ಹೊಳೆ ಹರ್ದಂಗೆ ಹರೀತು. ಅದನ್ನ ಯಾರಪ್ಪ ಎತ್ತಿದ್ದು?"

ನಾನು ಒಂದೊಂದೇ ಮುಖ ನೋಡಿದೆ, ಮೇಜಿನ ಮೇಲೆ ಪ್ಯಾಂಟು ತಿರುವಿ ನೋಡುವ ಹಾಗೆ. ಮೀನು ಗುತ್ತಿಗೆಯವನು ಕೆರೆಯ ಆಚೆ ದಡದಲ್ಲಿ ಏನೋ ಹುಡುಕುತ್ತಿದ್ದ. ಹೊಸದಾಗಿ ಬೀಗದ ಕೈ ಹಿಡಿದವನು ನೆಲ ಕೆರೆಯುತ್ತಿದ್ದ. ಇವರಿಬ್ಬರಲ್ಲಿ ಯಾರು, ಇಬ್ಬರೂ ಸೇರಿಯೋ, ಅಥವಾ ಇಬ್ಬರೂ ಅಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯುವುದೂ ನನಗೆ ಸಂಕಟವೇ.

"ಮರೆವು ಬಂದೈತೆ ಅಂದ್ರಲ್ಲ," ಎಂದು ಅಜ್ಜಿ ಸುತ್ತ ನೋಡಿ ಹೇಳಿದಳು. "ಮರೆವು ಬಂದೋನು ಆವತ್ತಿನ ಗಂಟು ಇಷ್ಟು ದಿನ ಇಟ್ಕಂಡು ಬತ್ತಾನಾ?"

ಹಿರಿಯರೊಬ್ಬರು ಬೀಗದ ಕೈ ಮತ್ತೆ ಅಪ್ಪನಿಗೇ ಕೊಡೋಣ ಅಂದರು. ಅಪ್ಪ ಬೇಡವೆಂದ. "ಇವತ್ತೊಂದಿನ ಕೊಡಿ. ಆ ಒಂದ್ ಸುತ್ತು ಮುಚ್ಚಿ ಓಗ್ತೀನಿ." ಹೊಸಬ ಬೀಗದ ಕೈ ಬಿಚ್ಚಿ ಕೊಟ್ಟ.

ಅಪ್ಪ ಸರಪಣಿ ತೆಗೆದ. ಚಕ್ರವನ್ನು ಒಂದು ಸುತ್ತು ಎತ್ತಿದ. ಕೆಳಗೆ ಕಾಲುವೆಯಲ್ಲಿ ಹೆಬ್ಬೆರಳ ಗಾತ್ರ ನೀರು ಬಂತು. ಆಮೇಲೆ ಮೈಯ ಭಾರವೆಲ್ಲ ಹಾಕಿ ಒಂದು ಸುತ್ತು ಮುಚ್ಚಿದ. ಸರಪಣಿ ಬಳೆಗೆ ಎಟುಕಿತು. ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದ. ಬೀಗದ ಕೈ ವಾಪಸು ಕೊಟ್ಟು, ಏರಿಯ ಕಲ್ಲಿನ ಮೇಲೆ ಕೂತು ಆ ಬಿಳಿ ದಾರದ ಗಂಟು ಬಿಚ್ಚಲು ಶುರುಮಾಡಿದ.

ಬೆವರು ಕುಡಿದು ಗಂಟು ಕಲ್ಲಾಗಿತ್ತು. ಉಗುರಿಗೆ ಸಿಗಲಿಲ್ಲ. ನನ್ನ ಚೀಲದಲ್ಲಿ ಕೆಲಸದ ಪುಟ್ಟ ದಾರಗತ್ತರಿ ಯಾವಾಗಲೂ ಇರುತ್ತದೆ, ತೆಗೆದು ಚಾಚಿದೆ. ಅಪ್ಪ ನನ್ನ ಕೈಯನ್ನು ಆಚೆ ತಳ್ಳಿದ. ಹಲ್ಲಿನಲ್ಲಿ ಕಚ್ಚಿ, ನೆನೆಸಿ, ಮತ್ತೆ ಉಗುರು ಹಾಕಿ, ಊರವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದ ಮೇಲೂ ಬಿಚ್ಚುತ್ತಲೇ ಇದ್ದ. ಕೊನೆಗೆ ಬಿಚ್ಚಿಕೊಂಡಿತು. ಎರಡು ಬೆರಳ ನಡುವೆ ಎಳೆದು ನೋಡಿ ನನ್ನ ಕೈಗೆ ಕೊಟ್ಟ.

"ತಗ, ನೀನೇ ಚೆಕಿಂಗ್ ಮಾಡು," ಅಂದ.

ದಾರವನ್ನು ಬಿಸಿಲಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದೆ. ಗಂಟಿದ್ದ ಕಡೆ ಸ್ವಲ್ಪ ಮುರುಟಿತ್ತು. ಶೆಡ್ಡಿನಲ್ಲಿ ಇಷ್ಟಕ್ಕೇ ನಾನು ಎಷ್ಟೋ ಪ್ಯಾಂಟು ವಾಪಸು ಎಸೆದಿದ್ದೇನೆ.

"ಪಾಸು, ಅಪ್ಪ," ಅಂದೆ.